ಟೊಮ್ಯಾಟೊ ಎಲೆ ಮುದುಡು ರೋಗ ಮತ್ತು ಉಪಕಾರಿ ದುಂಡಾಣುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಟೊಮ್ಯಾಟೊ ಬೆಳೆಗಾರರು, ನರ್ಸರಿಯವರು, ಕೃಷಿ ಓದುತ್ತಿರುವ ಮಕ್ಕಳು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ತಿದ್ದಿಲ್ಲ. ಇಲ್ಲಿ ದುಂಡಾಣು ಎಂದರೆ ಬ್ಯಾಕ್ಟೀರಿಯಾ, ನಂಜಾಣು ಎಂದರೆ ವೈರಸ್. ಎಲೆ ಮುದುಡು ರೋಗ ತರುವುದು ನಂಜಾಣು, ಅದನ್ನು ಗಿಡದಿಂದ ಗಿಡಕ್ಕೆ ಹೊರುವುದು ಬಿಳಿ ನೊಣ ಎಂಬ ರಸ ಹೀರುವ ಕೀಟ. ದುಂಡಾಣು, ನಂಜಾಣು ಎರಡೂ ಬೇರೆ ಬೇರೆ ಎನ್ನುವುದು ತಲೆಯಲ್ಲಿದ್ದರೆ ಮುಂದಿನದೆಲ್ಲ ಸಲೀಸು.

## ಮೊದಲು ತಿಳಿಯಬೇಕಾದ್ದು

ಬ್ಯಾಕ್ಟೀರಿಯಾನೂ ರೋಗ ತರೋದೇ ಅಲ್ವಾ ಸಾರ್? ಅದನ್ನೇ ಗಿಡಕ್ಕೆ ಹಾಕಿ ಅಂತೀರಲ್ಲ?

ರೋಗ ತರುವ ದುಂಡಾಣುಗಳಿವೆ. ಟೊಮ್ಯಾಟೊ ಗಿಡ ಹಸಿರಾಗಿದ್ದಂತೆಯೇ ಜೋತುಬಿದ್ದು ಸಾಯುವ ಸೊರಗು ರೋಗಕ್ಕೆ ರಾಲ್ಸ್ಟೋನಿಯಾ ಎಂಬ ದುಂಡಾಣುವೇ ಕಾರಣ. ಆದರೆ ಫಲವತ್ತಾದ ಒಂದು ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ದುಂಡಾಣುಗಳಿರುತ್ತವೆ, ಅವುಗಳಲ್ಲಿ ಗಿಡಕ್ಕೆ ಕೇಡು ಮಾಡುವವು ತೀರಾ ಕಡಿಮೆ. ಬೇರು ತನ್ನ ಸುತ್ತ ಸಕ್ಕರೆ, ಆಮ್ಲಗಳನ್ನು ಒಸರುತ್ತದೆ. ಅದನ್ನು ತಿನ್ನಲು ಬಂದು ಬೇರಿಗೆ ಅಂಟಿ ಬದುಕುವ ಕೆಲವು ದುಂಡಾಣುಗಳು ಗಿಡದ ಬೆಳವಣಿಗೆಗೆ ನೆರವಾಗುತ್ತವೆ. 1978ರಲ್ಲಿ ಅಮೆರಿಕದ ಕ್ಲೋಪರ್ ಮತ್ತು ಶ್ರಾತ್ ಮೂಲಂಗಿಯ ಮೇಲೆ ಕೆಲಸ ಮಾಡಿ, ಇಂಥವನ್ನು ಬೆಳವಣಿಗೆ ಹೆಚ್ಚಿಸುವ ಬೇರು ದುಂಡಾಣುಗಳು ಎಂದು ಕರೆದರು. ನಮ್ಮ ಅಂಗಡಿಗಳಲ್ಲಿ ಸಿಗುವ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಮತ್ತು ಬ್ಯಾಸಿಲಸ್ ಸಬ್ಟಿಲಿಸ್ ಈ ಗುಂಪಿನವು.

ಇದು ವೈರಸ್‌ನ ಸಾಯಿಸುತ್ತಾ?

ಇಲ್ಲ. ನಂಜಾಣು ಇರುವುದು ಎಲೆ, ಕಾಂಡದ ಜೀವಕೋಶದ ಒಳಗೆ. ದುಂಡಾಣು ಇರುವುದು ಬೇರಿನ ಮೇಲೆ. ಇಬ್ಬರೂ ಎದುರುಬದುರಾಗುವುದೇ ಇಲ್ಲ. ದುಂಡಾಣು ಬೇರಿಗೆ ಅಂಟಿದಾಗ ಅದರ ಮೈಮೇಲಿನ ಮತ್ತು ಅದು ಬಿಡುವ ಕೆಲವು ವಸ್ತುಗಳನ್ನು ಗಿಡ ಗುರುತಿಸಿ ಎಚ್ಚರಗೊಳ್ಳುತ್ತದೆ. ಕಳ್ಳರ ಕಾಟ ಇದೆ ಎಂದು ಸುದ್ದಿಯಾದ ಊರಿನಲ್ಲಿ ಜನ ದೀಪ ಹಚ್ಚಿಕೊಂಡು ಎದ್ದು ಕೂತಿರುತ್ತಾರಲ್ಲ, ಹಾಗೆ. ಕಳ್ಳ ಇನ್ನೂ ಬಂದಿಲ್ಲ, ಆದರೆ ಬಂದರೆ ಆ ಊರಲ್ಲಿ ಕದಿಯುವುದು ಕಷ್ಟ. ಎಚ್ಚರಗೊಂಡ ಗಿಡದಲ್ಲಿ ನಂಜಾಣು ಹೊಕ್ಕರೂ ಹೆಚ್ಚುವುದು ನಿಧಾನ, ಲಕ್ಷಣ ಕಾಣುವುದು ತಡ, ಕಂಡರೂ ಸೌಮ್ಯ. ಕೆಲವು ಗಿಡ ಪೂರ್ತಿ ಪಾರಾಗುವುದೂ ಉಂಟು.

ಎಲೆ ಆಗ್ಲೇ ಮುದುಡಿಬಿಟ್ಟಿದೆ. ಈಗ ಹಾಕಿದ್ರೆ ಸರಿಹೋಗುತ್ತಾ?

ಆ ಗಿಡ ಸರಿಹೋಗುವುದಿಲ್ಲ. ಹೊಲದಲ್ಲಿ ನಂಜು ಹಿಡಿದ ಗಿಡವನ್ನು ವಾಸಿ ಮಾಡುವ ಔಷಧಿ ಯಾವುದೂ ಇಲ್ಲ. ಇದೆ ಎಂದು ಹೇಳಿ ದುಡ್ಡು ತೆಗೆದುಕೊಳ್ಳುವವರನ್ನು ನಂಬಬೇಡಿ. ನಾಟಿಯಾದ ಮೊದಲ ತಿಂಗಳಲ್ಲೇ ಅಲ್ಲೊಂದು ಇಲ್ಲೊಂದು ಗಿಡ ಮುದುಡಿದ್ದರೆ ಕಿತ್ತು, ಚೀಲದಲ್ಲಿ ಹಾಕಿ ಹೊಲದಿಂದ ಆಚೆ ಒಯ್ದು ಹೂಳಿ. ಕಿತ್ತು ಬದುವಿನ ಮೇಲೆ ಎಸೆದರೆ ಅದರ ಮೇಲಿದ್ದ ಬಿಳಿ ನೊಣ ಪಕ್ಕದ ಗಿಡಕ್ಕೆ ಹಾರುತ್ತದೆ.

ಎಲೆ ಮುದುಡಿದ್ದೆಲ್ಲ ವೈರಸ್ಸೇನಾ?

ಅಲ್ಲ. ಇದನ್ನು ತಿಳಿಯದೆ ಹಣ ಕಳೆದುಕೊಂಡವರು ಬಹಳ. ನಂಜಾಣುವಾದರೆ ಹೊಸ ಚಿಗುರೇ ಸಣ್ಣದಾಗಿ, ಅಂಚು ಹಳದಿಗಟ್ಟಿ, ಸುರುಟಿಕೊಂಡು ಬರುತ್ತದೆ. ಗಿಣ್ಣಿನ ಅಂತರ ಕಡಿಮೆಯಾಗಿ ಗಿಡ ಪೊದೆಯಂತೆ ಕುಳ್ಳಗಾಗುತ್ತದೆ, ಹೂ ಉದುರುತ್ತದೆ. ಕೆಳಗಿನ ಹಳೆಯ ಎಲೆಗಳು ಮಾತ್ರ ದೋಣಿಯಂತೆ ಮಡಚಿಕೊಂಡು ಚಿಗುರು ಚೆನ್ನಾಗಿದ್ದರೆ ಅದು ಬಿಸಿಲಿನದೋ ನೀರಿನ ಏರುಪೇರಿನದೋ ಪರಿಣಾಮ. ಪಕ್ಕದವರು 2,4-ಡಿ ಕಳೆನಾಶಕ ಹೊಡೆದಾಗ ಗಾಳಿಯಲ್ಲಿ ತೇಲಿ ಬಂದರೂ ಟೊಮ್ಯಾಟೊ ಎಲೆ ತಿರುಚಿಕೊಳ್ಳುತ್ತದೆ. ಮೆಣಸಿನಕಾಯಿಯಲ್ಲಿ ಎಲೆ ಕೆಳಮುಖವಾಗಿ ಮುದುಡಿದ್ದರೆ ಹೆಚ್ಚಾಗಿ ನುಸಿ, ಮೇಲ್ಮುಖವಾಗಿ ದೋಣಿಯಂತಾದರೆ ಥ್ರಿಪ್ಸ್. ಎಲೆ ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಬಿಟಿ ಅಂತಾರಲ್ಲ, ಅದು ಇದೇನಾ?

ಬಿಟಿ ಕೂಡ ಬ್ಯಾಸಿಲಸ್ ಕುಲದ್ದೇ, ಪೂರ್ತಿ ಹೆಸರು ಬ್ಯಾಸಿಲಸ್ ತುರಿಂಜಿಯೆನ್ಸಿಸ್. ಆದರೆ ಅದರ ಕೆಲಸ ಎಲೆ, ಕಾಯಿ ತಿನ್ನುವ ಹುಳುವಿನ ಹೊಟ್ಟೆ ಕೆಡಿಸುವುದು. ರಸ ಹೀರುವ ಬಿಳಿ ನೊಣಕ್ಕಾಗಲಿ ನಂಜಾಣುವಿಗಾಗಲಿ ಅದನ್ನು ತಂದು ಪ್ರಯೋಜನವಿಲ್ಲ.

## ತರುವುದು, ಹಾಕುವುದು

ನಾಟಿ ಮಾಡಿ ಇಪ್ಪತ್ತು ದಿನ ಆಯ್ತು. ಈಗ ಶುರು ಮಾಡಲಾ?

ಮಾಡಿ, ಕೇಡಿಲ್ಲ. ಆದರೆ ಒಳ್ಳೆಯ ಹೊತ್ತು ಕಳೆದುಹೋಗಿದೆ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ ಎಂದು ಕೇಳಿಕೊಳ್ಳುತ್ತೇನೆ.

ಎಲೆ ಮುದುಡು ರೋಗದಲ್ಲಿ ನಷ್ಟ ಎಷ್ಟು ಎನ್ನುವುದು ಗಿಡಕ್ಕೆ ಯಾವ ವಯಸ್ಸಿನಲ್ಲಿ ನಂಜು ತಗುಲಿತು ಎನ್ನುವುದರ ಮೇಲೆ ನಿಂತಿದೆ. ಸಸಿಮಡಿಯಲ್ಲೋ ನಾಟಿಯಾದ ಎರಡು ಮೂರು ವಾರದೊಳಗೋ ತಗುಲಿದರೆ ಆ ಗಿಡದಿಂದ ಕಾಯಿ ಬಹುತೇಕ ಇಲ್ಲ. ಕಾಯಿ ಕಚ್ಚಿ ದಪ್ಪವಾಗುತ್ತಿರುವಾಗ ತಗುಲಿದರೆ ತುದಿ ಚಿಗುರು ಮುದುಡುತ್ತದೆ, ಅಷ್ಟರಲ್ಲಿ ಮೊದಲ ಗೊಂಚಲುಗಳು ಕೈಗೆ ಬಂದಿರುತ್ತವೆ. ಅಂದರೆ ರೋಗವನ್ನು ಪೂರ್ತಿ ತಡೆಯಲಾಗದಿದ್ದರೂ ನಾಲ್ಕು ವಾರ ಹಿಂದಕ್ಕೆ ತಳ್ಳಿದರೆ ಬೆಳೆ ಉಳಿಯುತ್ತದೆ. ದುಂಡಾಣುವಿಂದ ನಾವು ಕೇಳಬೇಕಾದ್ದು ಈ ನಾಲ್ಕು ವಾರವನ್ನೇ.

ದುಂಡಾಣು ಬೇರಿನ ಮೇಲೆ ನೆಲೆಯೂರಲು, ಗಿಡ ಎಚ್ಚರಗೊಳ್ಳಲು ದಿನಗಳು ಬೇಕು. ಬಿಳಿ ನೊಣಕ್ಕೆ ಅಷ್ಟು ಪುರುಸೊತ್ತು ಬೇಕಿಲ್ಲ. ನಂಜು ಹೊತ್ತ ನೊಣ ಅರ್ಧ ಗಂಟೆ ಗಿಡದ ಮೇಲೆ ಕೂತು ರಸ ಹೀರಿದರೆ ಸಾಕು. ಹಾಗಾಗಿ ಬೀಜ ಅಥವಾ ಪ್ರೋಟ್ರೇ (ಸಸಿ ಬೆಳೆಸುವ ಗುಳಿಗಳ ತಟ್ಟೆ) ಹಂತದಲ್ಲೇ ದುಂಡಾಣು ಕೊಟ್ಟಿರಬೇಕು. ನರ್ಸರಿಯಿಂದ ಸಸಿ ಕೊಳ್ಳುವವರು ಬುಕ್ ಮಾಡುವಾಗಲೇ ಹೇಳಿ. ಸಸಿ ತಂದ ದಿನ ಕೇಳಿದರೆ ತಡ.

ಎಷ್ಟು ಹಾಕ್ಬೇಕು, ಹೆಂಗೆ ಹಾಕ್ಬೇಕು?

ಪೊಟ್ಟಣದ ಮೇಲೆ ಬರೆದ ಪ್ರಮಾಣವೇ ಮೊದಲು. ಟಾಲ್ಕ್ ಪುಡಿ ರೂಪದ ಸ್ಯೂಡೋಮೊನಾಸ್‌ಗೆ ರೂಢಿಯಲ್ಲಿರುವ ಲೆಕ್ಕ ಹೀಗಿದೆ. ಬೀಜಕ್ಕೆ ಕೆಜಿಗೆ 10 ಗ್ರಾಂ, ಅಂದರೆ 100 ಗ್ರಾಂ ಟೊಮ್ಯಾಟೊ ಬೀಜಕ್ಕೆ 1 ಗ್ರಾಂ ಸಾಕು. ತೇವ ಮಾಡಿ ಸವರಿ ನೆರಳಲ್ಲಿ ಆರಿಸಿ. ಹೈಬ್ರಿಡ್ ಬೀಜ ಗುಲಾಬಿ ಬಣ್ಣದ ಶಿಲೀಂಧ್ರನಾಶಕ ಬಳಿದುಕೊಂಡೇ ಬಂದಿರುತ್ತದೆ. ಅದರ ಮೇಲೆ ಮತ್ತೆ ದುಂಡಾಣು ಸವರುವುದಕ್ಕಿಂತ ತೆಂಗಿನ ನಾರಿನ ಪುಡಿಗೆ ಕೆಜಿಗೆ 10 ಗ್ರಾಂನಂತೆ ಬೆರೆಸಿ ಟ್ರೇ ತುಂಬುವುದು ನನ್ನ ಪ್ರಕಾರ ಮೇಲು. ನಾಟಿ ದಿನ ಲೀಟರ್ ನೀರಿಗೆ 10 ಗ್ರಾಂ ಕದಡಿ, ಸಸಿಯ ಬೇರನ್ನು ಸುಮಾರು 20 ನಿಮಿಷ ಅದ್ದಿ ನೆಡಿ.

ನೆಲಕ್ಕೆ ಹಾಕುವುದಾದರೆ ಹೆಕ್ಟೇರಿಗೆ 2.5 ಕೆಜಿ, ಅಂದರೆ ಎಕರೆಗೆ ಸುಮಾರು 1 ಕೆಜಿ. ಅದನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ಗೋಣಿ ಹೊದಿಸಿ ನೆರಳಿನಲ್ಲಿ ಒಂದೆರಡು ವಾರ ಬಿಟ್ಟರೆ ದುಂಡಾಣು ಹೆಚ್ಚಿಕೊಳ್ಳುತ್ತದೆ. ಹಸಿ ಸಗಣಿಗೆ ಬೆರೆಸಬೇಡಿ, ಕಳಿಯುವಾಗಿನ ಕಾವಿಗೆ ಸಾಯುತ್ತದೆ. ಬುಡಕ್ಕೆ ಹುಯ್ಯುವುದು ಸಂಜೆ, ನೆಲ ಹದವಾಗಿದ್ದಾಗ.

ಯಾವ ಕಂಪನಿದು ತರಲಿ?

ಕಂಪನಿ ಹೆಸರು ಹೇಳುವುದಿಲ್ಲ, ಪೊಟ್ಟಣ ಓದುವುದನ್ನು ಹೇಳುತ್ತೇನೆ. ತಯಾರಾದ ದಿನಾಂಕ ನೋಡಿ. ಸ್ಯೂಡೋಮೊನಾಸ್ ಬೀಜಕಣ ಕಟ್ಟುವುದಿಲ್ಲ, ಬಿಸಿಲಿಗೆ, ಒಣಗಿಗೆ ಬೇಗ ಸಾಯುತ್ತದೆ. ತಯಾರಾಗಿ ಮೂರು ತಿಂಗಳೊಳಗಿನದು ಸಿಕ್ಕರೆ ಒಳ್ಳೆಯದು. ಬ್ಯಾಸಿಲಸ್ ಗಟ್ಟಿ ಕವಚದ ಬೀಜಕಣ ಕಟ್ಟಿಕೊಳ್ಳುವುದರಿಂದ ಹೆಚ್ಚು ಕಾಲ ತಾಳುತ್ತದೆ. ಸಿಎಫ್‌ಯು ಎಂದು ಬರೆದಿರುವುದು ಜೀವಂತ ದುಂಡಾಣುಗಳ ಎಣಿಕೆ, ಗ್ರಾಂಗೆ ಕನಿಷ್ಠ 10 ಕೋಟಿ ಇರಬೇಕು. ದುಂಡಾಣು ತಳಿಯ ಗುರುತಿನ ಸಂಖ್ಯೆ, ನೋಂದಣಿ ಸಂಖ್ಯೆ ಇರಬೇಕು. ಅಂಗಡಿಯವರು ಅದನ್ನು ತಗಡಿನ ಶೆಡ್ಡಿನಲ್ಲಿ ಬಿಸಿಲಿಗೆ ಇಟ್ಟಿದ್ದರೆ ಬರೆದದ್ದೆಲ್ಲ ಸರಿಯಿದ್ದರೂ ತರಬೇಡಿ. ಕೃಷಿ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತಯಾರಾದದ್ದು ಸಿಕ್ಕರೆ ಅದನ್ನೇ ತನ್ನಿ.

ಈ ಪೊಟ್ಟಣಗಳ ಮೇಲೆ ಸಾಮಾನ್ಯವಾಗಿ ಬೇರು ಕೊಳೆ, ಸೊರಗು ಮುಂತಾದ ರೋಗಗಳ ಹೆಸರಿರುತ್ತದೆ, ನಂಜು ರೋಗದ್ದಲ್ಲ. ನಂಜಿನ ವಿಷಯದಲ್ಲಿ ಅದು ಕೊಡುವುದು ಆಸರೆ ಮಾತ್ರ, ಖಾತರಿ ಅಲ್ಲ.

ಕಾಪರ್ ಜೊತೆ ಬೆರೆಸಿ ಒಂದೇ ಸಲ ಹೊಡೀಬಹುದಾ?

ಬೇಡ. ಈ ತಪ್ಪು ನಾನೇ ಮಾಡಿದ್ದೇನೆ. ಕೂಲಿ ಉಳಿಯುತ್ತದೆಂದು ಒಂದು ಹಂಗಾಮಿನಲ್ಲಿ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಶಿಲೀಂಧ್ರನಾಶಕ ಕಲಸಿದ್ದ ಡ್ರಮ್ಮಿಗೇ ಸ್ಯೂಡೋಮೊನಾಸ್ ಸುರಿದು ಬುಡಕ್ಕೆ ಹುಯ್ಯಿಸಿದೆ. ತಾಮ್ರ ದುಂಡಾಣುವನ್ನು ಕೊಲ್ಲುತ್ತದೆ ಎಂದು ಊರಿಗೆಲ್ಲ ಹೇಳುತ್ತಿದ್ದವನು ನಾನೇ, ಆದರೂ ಆ ದಿನದ ಗಡಿಬಿಡಿಯಲ್ಲಿ ಮರೆತೆ. ಆ ಖರ್ಚು ಪೂರ್ತಿ ನೀರುಪಾಲು. ಸ್ಟ್ರೆಪ್ಟೋಸೈಕ್ಲಿನ್ ದುಂಡಾಣು ಕೊಲ್ಲಲೆಂದೇ ಇರುವುದು, ಅದನ್ನೂ ಜೊತೆಗೆ ಸೇರಿಸಬಾರದು. ಇಂಥವನ್ನು ಕೊಡಲೇಬೇಕಾದರೆ ಮೊದಲು ಅದನ್ನು ಕೊಟ್ಟು, ಹತ್ತು ಹದಿನೈದು ದಿನ ಬಿಟ್ಟು ದುಂಡಾಣು ಕೊಡಿ. ಬ್ಲೀಚಿಂಗ್ ಪುಡಿ ಹಾಕಿದ ನೀರಿನಲ್ಲೂ ಕದಡಬೇಡಿ.

ಜೀವಾಮೃತ ಹಾಕ್ತಿದ್ದೀನಲ್ಲ, ಅದು ಸಾಲದಾ?

ಸಗಣಿ, ಬದುವಿನ ಮಣ್ಣಿನಿಂದ ಜೀವಾಮೃತಕ್ಕೆ ಬಗೆಬಗೆಯ ದುಂಡಾಣು ಸೇರುತ್ತವೆ, ಅದರಲ್ಲಿ ಬ್ಯಾಸಿಲಸ್, ಸ್ಯೂಡೋಮೊನಾಸ್ ಕೂಡ ಇರುತ್ತವೆ. ಮಣ್ಣಿಗೆ ಅದು ಒಳ್ಳೆಯದೇ, ನಿಲ್ಲಿಸಬೇಡಿ. ಆದರೆ ಯಾವ ತಳಿ, ಎಷ್ಟು ಎನ್ನುವುದು ಡ್ರಮ್ಮಿನಿಂದ ಡ್ರಮ್ಮಿಗೆ ಬೇರೆ. ಗಿಡವನ್ನು ಎಚ್ಚರಿಸುವ ಗುಣ ಎಲ್ಲ ಸ್ಯೂಡೋಮೊನಾಸ್‌ಗೂ ಇಲ್ಲ, ಅದು ತಳಿಗೆ ಸೇರಿದ ಗುಣ. ಜೀವಾಮೃತದ ಜೊತೆ ಪರೀಕ್ಷೆಯಾದ ತಳಿಯೊಂದನ್ನು ಸಸಿ ಹಂತದಲ್ಲಿ ಕೊಡಿ ಎಂಬುದು ನನ್ನ ಸಲಹೆ.

ಮಜ್ಜಿಗೆ ಹೊಡೆದ್ರೆ ವೈರಸ್ ಬರಲ್ಲ ಅಂತಾರೆ, ನಿಜಾನಾ?

ಅರ್ಧ ನಿಜ. ತಂಬಾಕು ಮೊಸಾಯಿಕ್‌ನಂಥ ನಂಜಾಣು ಕೈಯಿಂದ, ಕತ್ತರಿಯಿಂದ, ಗಿಡಕ್ಕೆ ಗಿಡ ಉಜ್ಜುವುದರಿಂದ ಹರಡುತ್ತದೆ. ಹಾಲಿನ ಪ್ರೋಟೀನು ಅದನ್ನು ತಡೆಯುತ್ತದೆ, ಅದಕ್ಕೇ ಸಸಿ ಮುಟ್ಟುವ ಮೊದಲು ಕೆನೆ ತೆಗೆದ ಹಾಲಿನಲ್ಲಿ ಕೈ ಅದ್ದುವ ಪದ್ಧತಿ ಬಂದದ್ದು. ಎಲೆ ಮುದುಡು ನಂಜಾಣುವನ್ನು ಬಿಳಿ ನೊಣ ಸೂಜಿಯಂಥ ಬಾಯಿಯಿಂದ ನೇರವಾಗಿ ರಸನಾಳಕ್ಕೇ ಬಿಡುತ್ತದೆ. ಎಲೆಯ ಮೇಲಿನ ಮಜ್ಜಿಗೆ ಅಲ್ಲಿಗೆ ಮುಟ್ಟುವುದಿಲ್ಲ.

## ಹೊಲದ ಲೆಕ್ಕ

ಇದನ್ನ ಹಾಕಿದ್ಮೇಲೆ ಬಿಳಿ ನೊಣದ ಗೋಜು ಬಿಡಬಹುದಾ?

ಬಿಟ್ಟರೆ ದುಂಡಾಣುವೂ ಕೈಬಿಡುತ್ತದೆ. ನೊಣದ ಹಿಂಡು ಬಿದ್ದ ಹೊಲದಲ್ಲಿ ಒಂದೊಂದು ಗಿಡಕ್ಕೂ ಮತ್ತೆ ಮತ್ತೆ ನಂಜು ಚುಚ್ಚಲ್ಪಡುತ್ತದೆ. ಎಷ್ಟು ಎಚ್ಚರದ ಗಿಡವಾದರೂ ಆ ಭಾರ ತಡೆಯದು.

ಕೋಲಾರದವರಿಗೆ ಇದು ಚೆನ್ನಾಗಿ ಗೊತ್ತು. ಬಿಳಿ ನೊಣದಲ್ಲಿ ಬಿ ಬಗೆ ಎಂಬ ಹೊರಗಿನ ಜಾತಿಯೊಂದಿದೆ, ಬೇಗ ಬೇಗ ಮರಿ ಮಾಡುವಂಥದ್ದು, ಟೊಮ್ಯಾಟೊ ಮೇಲೆ ಸೊಗಸಾಗಿ ಬೆಳೆಯುವಂಥದ್ದು. ಭಾರತದಲ್ಲಿ ಅದು ಮೊದಲು ಕಣ್ಣಿಗೆ ಬಿದ್ದದ್ದು 1999ರಲ್ಲಿ, ಕೋಲಾರದ ಟೊಮ್ಯಾಟೊ ಹೊಲಗಳಲ್ಲಿ. ನಮ್ಮ ಕಡೆಯ ನಂಜಾಣುಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ಇಟ್ಟ ಹೆಸರಿನಲ್ಲೇ ಬೆಂಗಳೂರು ಇದೆ. ರೋಗವೂ ಅದನ್ನು ಹೊರುವ ನೊಣವೂ ನಮ್ಮ ಅಂಗಳದಲ್ಲೇ ಇವೆ.

ಆದ್ದರಿಂದ ಸಸಿಮಡಿಗೆ 40ರಿಂದ 50 ಮೆಶ್‌ನ ನೈಲಾನ್ ಪರದೆ ಬೇಕೇ ಬೇಕು, ಬಾಗಿಲು ಕೂಡ ಎರಡು ಪದರ. ನಾಟಿಗೆ ಮೂರು ನಾಲ್ಕು ವಾರ ಮೊದಲೇ ಹೊಲದ ಸುತ್ತ ಎರಡು ಮೂರು ಸಾಲು ಜೋಳ ಅಥವಾ ಮೆಕ್ಕೆಜೋಳ ಬಿತ್ತಿ. ಬದುವಿನ ಪಾರ್ಥೇನಿಯಂ ಹೂ ಬಿಡುವ ಮೊದಲೇ ಕೀಳಿ. ಮುಗಿದ ಟೊಮ್ಯಾಟೊ ತೋಟವನ್ನು ಹಾಗೇ ನಿಲ್ಲಿಸಿ ಪಕ್ಕದಲ್ಲೇ ಹೊಸ ನಾಟಿ ಮಾಡುವುದು ನನ್ನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡ ತಪ್ಪು. ಆ ಹಳೆಯ ತೋಟವೇ ನಂಜಿನ ಕಣಜ. ಹಳದಿ ಅಂಟು ಹಾಳೆಗಳು ನೊಣ ಬಂದದ್ದನ್ನು ತೋರಿಸುತ್ತವೆ, ಬಂದ ನೊಣವನ್ನೆಲ್ಲ ಹಿಡಿದು ಮುಗಿಸುವುದಿಲ್ಲ.

ಅರ್ಕ ರಕ್ಷಕ್ ಹಾಕಿದ್ದೀನಿ. ಅದಕ್ಕೂ ಬೇಕಾ?

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ಎಲೆ ಮುದುಡು, ದುಂಡಾಣು ಸೊರಗು, ಆರಂಭಿಕ ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ತಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಇದಕ್ಕೂ ಮೊದಲೇ ನಂದಿ, ಸಂಕ್ರಾಂತಿ, ವೈಭವ್ ಎಂಬ ನಿರೋಧಕ ತಳಿಗಳನ್ನು ಕೊಟ್ಟಿತ್ತು. ನಿರೋಧಕ ತಳಿ ಮತ್ತು ದುಂಡಾಣುಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ತಳಿಯನ್ನೇ ಆರಿಸುತ್ತೇನೆ. ಆದರೆ ತಳಿಯ ತಡೆಯೂ ಗೋಡೆಯಲ್ಲ. ಹೊಸ ನಂಜಾಣು ಬಗೆ ಬಂದಾಗ, ಬೇಸಿಗೆಯಲ್ಲಿ ನೊಣ ಉಕ್ಕಿದಾಗ ಅದೂ ಸೋಲಬಹುದು. ದುಂಡಾಣುವಿಗೆ ತಗಲುವ ಖರ್ಚು ಸಸಿಯ ಖರ್ಚಿನ ಮುಂದೆ ಅಲ್ಪ, ಎರಡನ್ನೂ ಮಾಡಿ.

ಬಾಳೆಗೆ, ಸೂರ್ಯಕಾಂತಿಗೆ ಇದು ಆಗುತ್ತಾ?

ಬಾಳೆಯದು ನಿಜಕ್ಕೂ ಗಮನಿಸಬೇಕಾದ ಕಥೆ. ತಮಿಳುನಾಡಿನ ಪಳನಿ ಬೆಟ್ಟಗಳ ವಿರೂಪಾಕ್ಷಿ ಬಾಳೆಯನ್ನು ಗಿಡಹೇನು ಹರಡುವ ಗುಚ್ಛ ತುದಿ ನಂಜು ಬಹಳವಾಗಿ ಹಾಳುಮಾಡಿತು. ಅದಕ್ಕೆ ದಾರಿಯಾಗಿ ಬಂದ ಅಂಗಾಂಶ ಕೃಷಿ ಸಸಿ ನಂಜಿಲ್ಲದ್ದು ನಿಜ. ಆದರೆ ಬಾಟಲಿಯೊಳಗೆ ಬೆಳೆದದ್ದರಿಂದ ತಾಯಿಗಿಡದ ಬೇರಿನಲ್ಲಿ, ಕಂದಿನಲ್ಲಿ ಸಹಜವಾಗಿ ವಾಸಿಸುವ ದುಂಡಾಣುಗಳೂ ಅದರಲ್ಲಿ ಇರುವುದಿಲ್ಲ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ತಮ್ಮ ಪಿಎಫ್1 ಎಂಬ ಸ್ಯೂಡೋಮೊನಾಸ್ ತಳಿಯನ್ನೂ ಬಾಳೆಯ ಒಳಗೇ ಬದುಕುವ ಬ್ಯಾಸಿಲಸ್‌ಗಳನ್ನೂ ಅಂಥ ಸಸಿಗಳಿಗೆ ಕೊಟ್ಟು ನೋಡಿದರು. ರೋಗ ಕಡಿಮೆಯಾಯಿತು, ಗಿಡದ ಬೆಳವಣಿಗೆಯೂ ಹೆಚ್ಚಿತು. ಅಂಗಾಂಶ ಕೃಷಿ ಬಾಳೆ ನೆಡುವವರು ಇದನ್ನು ಅವಶ್ಯ ಮಾಡಬೇಕು.

ಸೂರ್ಯಕಾಂತಿಯ ಒಣಗು ನಂಜು ಮೊದಲು ಕಂಡದ್ದು 1997ರಲ್ಲಿ, ನಮ್ಮ ಬಾಗೇಪಲ್ಲಿಯಲ್ಲಿ. ಅದು ಪಾರ್ಥೇನಿಯಂ ಪರಾಗದ ಜೊತೆ ಥ್ರಿಪ್ಸ್ ಮೂಲಕ ಬರುತ್ತದೆ. ದುಂಡಾಣು ಮಿಶ್ರಣಗಳನ್ನು ಅಲ್ಲೂ ಪ್ರಯತ್ನಿಸಿದ್ದಾರೆ. ಆದರೂ ಅಲ್ಲಿ ಪಾರ್ಥೇನಿಯಂ ಕೀಳುವುದೇ ಮೊದಲ ಕೆಲಸ.

## ಒಳಗಿನ ವಿಜ್ಞಾನ

ವೈರಸ್ ಮೇಲೆ ಇದು ಕೆಲಸ ಮಾಡುತ್ತೆ ಅಂತ ಸಾಬೀತಾಗಿದೆಯಾ, ಅಥವಾ ಬರೀ ಮಾತಾ?

ಸಾಬೀತಾಗಿದೆ, ಮಿತಿಗಳೊಂದಿಗೆ. 1994ರಲ್ಲಿ ಸ್ವಿಟ್ಜರ್ಲೆಂಡ್‌ನವರು ತಮ್ಮ ತಂಬಾಕು ಹೊಲದ ಮಣ್ಣಿನಿಂದ ಬಂದ ಸಿಎಚ್‌ಎ0 ಎಂಬ ಸ್ಯೂಡೋಮೊನಾಸ್ ಅನ್ನು ಬೇರಿಗೆ ಕೊಟ್ಟಾಗ, ತಂಬಾಕಿನ ಎಲೆಯಲ್ಲಿ ನೆಕ್ರೋಸಿಸ್ ನಂಜಿನ ಕಲೆಗಳು ಕಡಿಮೆಯಾದದ್ದನ್ನು ತೋರಿಸಿದರು. 1996ರಲ್ಲಿ ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದಲ್ಲಿ ಸೌತೆ ಮತ್ತು ಟೊಮ್ಯಾಟೊಗಳಲ್ಲಿ ಸೌತೆ ಮೊಸಾಯಿಕ್ ನಂಜಿನ ವಿರುದ್ಧ ಇಂಥದೇ ಫಲ ಬಂತು.

ನಮಗೆ ಹೆಚ್ಚು ಹತ್ತಿರದ್ದು ಫ್ಲೋರಿಡಾದ ಹೊಲಗಳಲ್ಲಿ 1997–98ರಲ್ಲಿ ನಡೆದ ಪ್ರಯೋಗ. ಅಲ್ಲಿದ್ದದ್ದು ಬಿಳಿ ನೊಣವೇ ಹೊರುವ, ನಮ್ಮ ಎಲೆ ಮುದುಡು ನಂಜಾಣುವಿನ ಹತ್ತಿರದ ಸಂಬಂಧಿ. ಬ್ಯಾಸಿಲಸ್ ಕೊಟ್ಟ ಟೊಮ್ಯಾಟೊದಲ್ಲಿ ಮೊದಲ ಹಂಗಾಮಿನಲ್ಲಿ ರೋಗ ಇಳಿಯಿತು, ಇಳುವರಿಯೂ ಅದಕ್ಕೆ ತಕ್ಕಂತೆ ಬಂತು. ಮರುವರ್ಷ ಇಳುವರಿಯ ಲಾಭ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಇದನ್ನು ಮುಚ್ಚಿಡಬಾರದು.

ಐಎಸ್‌ಆರ್, ಎಸ್‌ಎಆರ್ ಅಂತ ಪುಸ್ತಕದಲ್ಲಿದೆ. ಎರಡೂ ಒಂದೇನಾ ಸರ್?

ಐಎಸ್‌ಆರ್ ಎಂದರೆ ಇಂಡ್ಯೂಸ್ಡ್ ಸಿಸ್ಟಮಿಕ್ ರೆಸಿಸ್ಟೆನ್ಸ್, ಎಸ್‌ಎಆರ್ ಎಂದರೆ ಸಿಸ್ಟಮಿಕ್ ಅಕ್ವೈರ್ಡ್ ರೆಸಿಸ್ಟೆನ್ಸ್. ಎರಡರಲ್ಲೂ ಒಂದೆಡೆ ತಾಕಿದ್ದಕ್ಕೆ ಇಡೀ ಗಿಡ ಎಚ್ಚರಗೊಳ್ಳುತ್ತದೆ, ದಾರಿ ಬೇರೆ. 1961ರಲ್ಲಿ ರಾಸ್ ಎಂಬವರು ತಂಬಾಕಿನ ಕೆಳ ಎಲೆಗಳಿಗೆ ಮೊಸಾಯಿಕ್ ನಂಜು ಹಚ್ಚಿದಾಗ ಮೇಲಿನ ಎಲೆಗಳೂ ಬಲಗೊಂಡದ್ದನ್ನು ವಿವರಿಸಿದರು. ಅದು ಎಸ್‌ಎಆರ್. ಅದು ಸಾಗುವುದು ಸ್ಯಾಲಿಸಿಲಿಕ್ ಆಮ್ಲದ ದಾರಿಯಲ್ಲಿ. ಬೇರು ದುಂಡಾಣುಗಳು ಎಬ್ಬಿಸುವುದು ಐಎಸ್‌ಆರ್. ಅದು ಸಾಮಾನ್ಯವಾಗಿ ಜಾಸ್ಮೋನಿಕ್ ಆಮ್ಲ ಮತ್ತು ಎಥಿಲೀನ್ ದಾರಿಯಲ್ಲಿ ಸಾಗುತ್ತದೆ. 1998ರಲ್ಲಿ ನೆದರ್ಲೆಂಡ್ಸ್‌ನ ಪೀಟರ್ಸೆ ಮತ್ತು ಜೊತೆಗಾರರು, ಎನ್‌ಪಿಆರ್1 ಎಂಬ ಪ್ರೋಟೀನು ಎರಡು ದಾರಿಗೂ ಬೇಕು ಎಂದು ಅರಬಿಡಾಪ್ಸಿಸ್ ಎಂಬ ಪ್ರಯೋಗಾಲಯದ ಪುಟ್ಟ ಗಿಡದಲ್ಲಿ ತೋರಿಸಿದರು.

ಇಲ್ಲೊಂದು ತೊಡಕಿದೆ, ವಿದ್ಯಾರ್ಥಿಗಳು ಅದನ್ನೇ ಹಿಡಿದು ಯೋಚಿಸಬೇಕು. ನಂಜಾಣುಗಳ ವಿರುದ್ಧ ಹೆಚ್ಚು ಬಲವಾದದ್ದು ಸ್ಯಾಲಿಸಿಲಿಕ್ ದಾರಿ. 2002ರಲ್ಲಿ ಅದೇ ನೆದರ್ಲೆಂಡ್ಸ್ ತಂಡ, ಟರ್ನಿಪ್ ಕ್ರಿಂಕಲ್ ಎಂಬ ನಂಜಾಣುವನ್ನು ಎಸ್‌ಎಆರ್ ತಡೆಯಿತು, ತಮ್ಮ ದುಂಡಾಣುವಿನ ಐಎಸ್‌ಆರ್ ತಡೆಯಲಿಲ್ಲ ಎಂದು ಪ್ರಕಟಿಸಿತು. ಆದರೆ 2004ರಲ್ಲಿ ಬೇರೆಯವರು ಬೇರೆ ದುಂಡಾಣುಗಳಿಂದ ಸೌತೆ ಮೊಸಾಯಿಕ್ ನಂಜನ್ನು ಅದೇ ಅರಬಿಡಾಪ್ಸಿಸ್‌ನಲ್ಲಿ ಜಾಸ್ಮೋನಿಕ್ ದಾರಿಯಿಂದಲೇ ತಗ್ಗಿಸಿದರು. ಯಾವ ದುಂಡಾಣು, ಯಾವ ನಂಜಾಣು, ಯಾವ ಗಿಡ ಎಂಬ ಮೂರೂ ಕೂಡಿಬಂದಾಗಲೇ ಫಲ.

ಬೇರಲ್ಲಿರೋ ಬ್ಯಾಕ್ಟೀರಿಯಾಗೂ ಎಲೆ ಮೇಲಿನ ಹುಳಕ್ಕೂ ಏನು ಸಂಬಂಧ?

ಇದೆ. ಆಬರ್ನ್‌ನವರೇ ಸೌತೆಯಲ್ಲಿ ಇನ್ನೊಂದನ್ನು ಕಂಡರು. ಸೌತೆಯ ಕಹಿಗೆ ಕಾರಣವಾದ ಕುಕುರ್ಬಿಟಾಸಿನ್‌ಗೆ ಸೌತೆ ಜೀರುಂಡೆ ಮಾರುಹೋಗುತ್ತದೆ. ದುಂಡಾಣು ಕೊಟ್ಟ ಗಿಡಗಳಲ್ಲಿ ಆ ಕಹಿ ಕಡಿಮೆಯಾಗಿತ್ತು, ಜೀರುಂಡೆ ಕಡಿಮೆ ತಿಂದಿತು, ಅದು ಹರಡುವ ಸೊರಗು ರೋಗವೂ ಇಳಿಯಿತು. ಅಲ್ಲಿಯ ರೋಗ ನಂಜಿನದಲ್ಲ, ದುಂಡಾಣುವಿನದು. ಆದರೂ ರೋಗ ಹೊರುವ ಕೀಟದ ನಾಲಿಗೆಗೆ ಗಿಡದ ರುಚಿ ಬದಲಾಗಬಹುದು ಎಂಬ ಈ ಸುಳಿವು ನನಗೆ ಬಹಳ ಮುಖ್ಯ ಅನ್ನಿಸುತ್ತದೆ.

ಮನುಷ್ಯರಿಗೆ ಏನೂ ಆಗಲ್ವಾ?

ನೋಂದಣಿಯಾದ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್, ಬ್ಯಾಸಿಲಸ್ ಸಬ್ಟಿಲಿಸ್ ತಳಿಗಳಿಂದ ಆರೋಗ್ಯವಂತರಿಗೆ ಭಯವಿಲ್ಲ. ಆದರೆ ಸ್ಯೂಡೋಮೊನಾಸ್ ಕುಲದಲ್ಲೇ ಗಾಯಕ್ಕೆ, ಶ್ವಾಸಕೋಶಕ್ಕೆ ಸೋಂಕು ತರುವ ಏರುಜಿನೋಸಾ ಎಂಬುದೂ ಇದೆ. ಯಾರೋ ಬಕೆಟ್ಟಿನಲ್ಲಿ ಹೆಚ್ಚಿಸಿ ಕೊಟ್ಟ, ಹೆಸರಿಲ್ಲದ ದ್ರಾವಣ ಕೊಳ್ಳಬೇಡಿ ಎನ್ನುವುದು ಅದಕ್ಕೇ. ಪುಡಿ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿ, ಕೈ ತೊಳೆದುಕೊಳ್ಳಿ.

ನಮ್ಮ ಹೊಲದಲ್ಲಿ ಕೆಲಸ ಮಾಡ್ತಾ ಇದೆಯಾ, ಇಲ್ವಾ ಅಂತ ತಿಳ್ಕೊಳ್ಳೋದು ಹೆಂಗೆ?

ಈ ಪ್ರಶ್ನೆ ಕೇಳಿದವರನ್ನು ಕಂಡರೆ ನನಗೆ ಬಹಳ ಸಂತೋಷ. ಮಣ್ಣಿನ ಸಾವಯವ ಅಂಶ, ತೇವ, ಬಿಸಿಲು, ಅಲ್ಲಿ ಮೊದಲೇ ನೆಲೆಸಿದ ದುಂಡಾಣುಗಳ ಪೈಪೋಟಿ ಎಲ್ಲ ಹೊಲದಿಂದ ಹೊಲಕ್ಕೆ ಬೇರೆ. ಆದ್ದರಿಂದ ಇಡೀ ಹೊಲಕ್ಕೆ ಕೊಡಬೇಡಿ. ಪಟ್ಟಿ ಪಟ್ಟಿಯಾಗಿ ನಾಲ್ಕು ಸಾಲಿಗೆ ದುಂಡಾಣು ಕೊಟ್ಟ ಸಸಿ, ನಾಲ್ಕು ಸಾಲಿಗೆ ಕೊಡದ ಸಸಿ, ಮತ್ತೆ ನಾಲ್ಕಕ್ಕೆ ಕೊಟ್ಟದ್ದು, ಹೀಗೆ ಮೂರು ನಾಲ್ಕು ಸಲ ಬದಲಿಸಿ ನೆಡಿ. ಒಂದೇ ದಿನದ ನಾಟಿ, ಒಂದೇ ತಳಿ, ಒಂದೇ ಗೊಬ್ಬರ ಇರಲಿ. ಗಾಳಿ ಬೀಸುವ ಬದಿಗೆ ನೊಣ ಮೊದಲು ಬರುವುದರಿಂದ ಅರ್ಧ ಹೊಲ ಹೀಗೆ, ಅರ್ಧ ಹಾಗೆ ಮಾಡಿದರೆ ಲೆಕ್ಕ ತಪ್ಪುತ್ತದೆ.

ನಾಟಿಯಾದ 15, 30, 45, 60ನೇ ದಿನ ಪ್ರತಿ ಪಟ್ಟಿಯಲ್ಲೂ ಮುದುಡಿದ ಗಿಡ ಎಣಿಸಿ ಪುಸ್ತಕದಲ್ಲಿ ಬರೆದಿಡಿ. ಕೊಯ್ಲಿನಲ್ಲಿ ಕ್ರೇಟು ಬೇರೆ ಬೇರೆ ಇಟ್ಟು ತೂಗಿ. 60ನೇ ದಿನ ಎರಡೂ ಕಡೆ ರೋಗ ಸಮಸಮ ಕಂಡು ಬೇಸರವಾಗಬಹುದು. ಆಗ 30ನೇ ದಿನದ ಎಣಿಕೆಗೆ ಹಿಂದಿರುಗಿ ನೋಡಿ, ಮೊದಲ ಮೂರು ಕೊಯ್ಲಿನ ತೂಕವನ್ನು ಅದರ ಪಕ್ಕದಲ್ಲಿಟ್ಟು ನೋಡಿ.